ದಿಂಡಿನ ಸಮೇತ

ಮುಸುಕಿನ ಜೋಳಕ್ಕೆ ಆ ಹೆಸರಿಟ್ಟವರು ಕಣ್ಣಿದ್ದವರು. ಬಿಳಿಜೋಳ ತೆನೆಯನ್ನು ನೆತ್ತಿಯ ಮೇಲೆ ಹೊತ್ತು ಊರಿನ ಗುಬ್ಬಿ ಗಿಳಿಗಳನ್ನೆಲ್ಲ ಕೂಗಿ ಕರೆಯುವ ಹಾಗೆ ನಿಂತರೆ, ಇದು ತೆನೆಯನ್ನು ಎಲೆಯ ಕಂಕುಳಲ್ಲಿ ಅವುಚಿಕೊಂಡು, ಸೀರೆಯ ಮೇಲೆ ಸೀರೆ ಸುತ್ತಿ, ತುದಿಯಲ್ಲಿ ಒಂದು ಹಿಡಿ ಕೂದಲನ್ನು ಮಾತ್ರ ಹೊರಗೆ ಬಿಟ್ಟಿರುತ್ತದೆ. ಆ ಕೂದಲಿನ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿನದು. ಯಾವ ಎಳೆಗೆ ಪರಾಗ ತಾಗಲಿಲ್ಲವೋ ಆ ಜಾಗದಲ್ಲಿ ಕಾಳಿಲ್ಲ. ಮುಸುಕು ತೆಗೆದಾಗ ಹಾಲುಹಲ್ಲು ಬಿದ್ದ ಮಗುವಿನ ನಗು ಕಾಣಿಸುತ್ತದೆ. ಕಾಳಿನ ಸಾಲುಗಳು ಮಾತ್ರ ಯಾವಾಗಲೂ ಸರಿಸಂಖ್ಯೆಯವು. 12, 14, 16. ಎಣಿಸಿ ನೋಡಿದವರು ಕಡಿಮೆ. ಎಣಿಸುವ ಮೊದಲೇ ತಿಂದು ಮುಗಿದಿರುತ್ತದೆ.

ಮೈಸೂರು ಸೀಮೆಯಲ್ಲಿ ಮುಸುಕಿನ ಜೋಳವಾದದ್ದು ದಾವಣಗೆರೆ ಕಡೆ ಮೆಕ್ಕೆಜೋಳ, ಧಾರವಾಡದ ಕಡೆ ಗೋವಿನಜೋಳ. ಬೆಂಗಳೂರಿನ ಮಾಲ್‌ನೊಳಗೆ ಹೊಕ್ಕರೆ ಕಾಗದದ ಕಪ್ಪಿನಲ್ಲಿ ಬೆಣ್ಣೆ, ಮಸಾಲೆ ಮೆತ್ತಿಕೊಂಡು ಸ್ವೀಟ್ ಕಾರ್ನ್ ಆಗುತ್ತದೆ. ಕೊನೆಯದು ಬರೀ ಹೆಸರಿನ ಬದಲಾವಣೆಯಲ್ಲ, ತಳಿಯೇ ಬೇರೆ. ಹೊಲದ ಮೆಕ್ಕೆಜೋಳದ ಕಾಳು ಸಕ್ಕರೆಯನ್ನು ಬೇಗಬೇಗ ಪಿಷ್ಟವಾಗಿ ಕಟ್ಟಿಡುತ್ತದೆ. ಸಿಹಿಜೋಳದಲ್ಲಿ ಆ ಕಟ್ಟುವ ಕೆಲಸದ ಒಂದು ಜೀನ್ ಕೆಟ್ಟಿದೆ. ಆ ಕೆಟ್ಟದ್ದರಿಂದಲೇ ಅದಕ್ಕೆ ಸಿಹಿ.

ಆದರೆ ಕೆಲಸ ಪೂರ್ತಿ ನಿಂತಿಲ್ಲ, ನಿಧಾನವಾಗಿದೆ ಅಷ್ಟೆ. ತೆನೆಯನ್ನು ಗಿಡದಿಂದ ಮುರಿದ ಗಳಿಗೆಯಿಂದ ಗಿಡ ಕೊಡುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಕಾಳು ಇದ್ದದ್ದನ್ನೇ ಉಸಿರಾಡಿ ಖರ್ಚು ಮಾಡುತ್ತದೆ, ಉಳಿದದ್ದನ್ನು ಹಿಟ್ಟು ಮಾಡಿಕೊಳ್ಳುತ್ತದೆ. ಹಳೆಯ ಸಿಹಿತಳಿಗಳು 30 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ ಒಂದೇ ದಿನಕ್ಕೆ ಸುಮಾರು ಅರ್ಧ ಸಕ್ಕರೆ ಕಳೆದುಕೊಳ್ಳುತ್ತಿದ್ದವು. ಒಲೆಯ ಮೇಲೆ ನೀರಿಟ್ಟು ಆಮೇಲೆ ಹೊಲಕ್ಕೆ ಹೋಗಿ ತೆನೆ ಮುರಿಯಬೇಕು ಎಂದು ಅಮೆರಿಕದ ರೈತರು ಹೇಳುತ್ತಿದ್ದುದು ತಮಾಷೆಗಷ್ಟೇ ಅಲ್ಲ. 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್‌ನನ್ ಇನ್ನೊಂದು ಕೆಟ್ಟ ಜೀನಿನ ಕಡೆ ಗಮನ ಸೆಳೆದರು. ಅದಿರುವ ಕಾಳು ಒಣಗಿದರೆ ಮುದುಕರ ಕೆನ್ನೆಯ ಹಾಗೆ ಸುಕ್ಕಾಗುತ್ತದೆ, ಹಾಗಾಗಿ ಹೆಸರೂ ‘ಶ್ರಂಕನ್–2’. ಹಸಿಯಿದ್ದಾಗ ಮಾತ್ರ ಹಳೆಯದಕ್ಕಿಂತ ಎಷ್ಟೋ ಪಾಲು ಸಿಹಿ, ಆ ಸಿಹಿ ಹೆಚ್ಚು ದಿನ ನಿಲ್ಲುತ್ತದೆ ಕೂಡ. ಈಗ ಲಾರಿ ಹತ್ತಿ ದೂರದೂರಿಗೆ ಹೋಗುವ ಸಿಹಿಜೋಳ ಹೆಚ್ಚಾಗಿ ಈ ವಂಶದ್ದು.

ಅಯೋವಾ, ನೆಬ್ರಾಸ್ಕಾ, ಇಲಿನಾಯ್ ಕಡೆ ಜುಲೈ ಮುಗಿದು ಆಗಸ್ಟ್ ಹುಟ್ಟುವಾಗ ರಸ್ತೆ ಬದಿಯಲ್ಲಿ ಪಿಕಪ್ ಟ್ರಕ್ಕುಗಳು ಹಿಂಬಾಗಿಲು ಇಳಿಸಿಕೊಂಡು ನಿಲ್ಲುತ್ತವೆ. ಮಾರಾಟ ಡಜನ್ ಲೆಕ್ಕದಲ್ಲಿ. ಕೈ ದೊಡ್ಡದಿರುವವರು ಡಜನ್‌ಗೆ 13 ಹಾಕುತ್ತಾರೆ. ಮನೆಗೆ ಹತ್ತು ಹದಿನೈದು ಡಜನ್ ಒಯ್ಯುವವರಿದ್ದಾರೆ, ಹಬ್ಬವಿಲ್ಲದೆ, ಮದುವೆಯಿಲ್ಲದೆ. ಅದು ಚಳಿಗಾಲಕ್ಕೆ. ಆ ದಿನ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಅಂಗಳದಲ್ಲಿ ಕೂರುತ್ತಾರೆ. ಒಬ್ಬರು ಮುಸುಕು ಸುಲಿಯಲು, ಒಬ್ಬರು ಕೂದಲು ಆರಿಸಲು, ಒಬ್ಬರು ಕುದಿನೀರಿನ ಮುಂದೆ, ಒಬ್ಬರು ಐಸ್ ನೀರಿನ ಮುಂದೆ. ಕಾಳು ಕೊಯ್ಯುವವರು ಉದ್ದಿನವಡೆಯಂತೆ ನಡುವೆ ತೂತಿರುವ ಕೇಕ್ ಪಾತ್ರೆಯನ್ನು ತರುತ್ತಾರೆ. ತೂತಿನ ಕೊಳವೆಯ ಮೇಲೆ ತೆನೆ ನಿಲ್ಲಿಸಿ ಚಾಕು ಎಳೆದರೆ ಕಾಳು ಸುತ್ತಲೂ ತಾನಾಗಿ ಪಾತ್ರೆಗೆ ಬೀಳುತ್ತದೆ. ಮಾಗಡಿ ಅವರೆಕಾಯಿ ಬಂದ ಸಂಜೆ ಮೊರದ ಸುತ್ತ ಕೂತು ಹಿತುಕಿದವರಿಗೆ, ಬೇಸಿಗೆಯ ತಾರಸಿಯಲ್ಲಿ ಹಪ್ಪಳ ಕಾದವರಿಗೆ ಈ ದೃಶ್ಯ ಹೊಸದೇನಲ್ಲ. ಕೈಗೆ ಕೆಲಸ, ಬಾಯಿಗೆ ಊರ ಸುದ್ದಿ.

ಈ ಕುದಿಸಿ ಕೂಡಿಡುವ ಉಪಾಯ ಫ್ರೀಜರಿಗಿಂತ ಬಹಳ ಹಳೆಯದು. ಮಿಸೌರಿ ನದಿಯ ದಂಡೆಯ ಹಿಡಾಟ್ಸಾ ಜನರ ಬೇಸಾಯವನ್ನು ಬಫಲೊ ಬರ್ಡ್ ವುಮನ್ ಎಂಬ ಮಹಿಳೆ ವಿವರವಾಗಿ ಹೇಳಿದ್ದು, ಗಿಲ್ಬರ್ಟ್ ವಿಲ್ಸನ್ ಬರೆದುಕೊಂಡದ್ದು 1917ರಲ್ಲಿ ಪುಸ್ತಕವಾಯಿತು. ಅದರಲ್ಲಿ ಎಳೆ ತೆನೆಯನ್ನು ಸುಲಿದು, ಅರ್ಧ ಬೇಯಿಸಿ, ಕಾಳು ಬಿಡಿಸಿ ಅಟ್ಟದ ಮೇಲೆ ಒಣಗಿಸುವ ಕ್ರಮವಿದೆ. ಅವರ ಕೈಲಿ ಥರ್ಮಾಮೀಟರ್ ಇರಲಿಲ್ಲ, ಕಿಣ್ವ ಎಂಬ ಪದವೂ ಇರಲಿಲ್ಲ. ಆದರೂ ಹಸಿ ಕಾಳನ್ನು ಹಸಿಯಾಗಿಯೇ ಇಟ್ಟರೆ ಕೆಡುತ್ತದೆ, ಮೊದಲು ಬೆಂಕಿ ಕಾಣಿಸಬೇಕು ಎಂಬುದು ಅವರಿಗೆ ತಿಳಿದಿತ್ತು.

ಫ್ರೀಜರ್ ಇರುವವರೇ ಇದನ್ನು ಮರೆಯುವುದು. ಐಸ್ ಆದಮೇಲೆ ಎಲ್ಲ ನಿಂತಂತೆ ಎಂಬ ನಂಬಿಕೆ. ಅಂಗಡಿಯಿಂದ ತಂದ ತೆನೆಯನ್ನು ಹಾಗೆಯೇ ಕವರಿಗೆ ತುರುಕಿ ಮಂಜಿನೊಳಗೆ ತಳ್ಳಿದವರು ಮೂರು ತಿಂಗಳ ಮೇಲೆ ತೆಗೆದು ಬೇಯಿಸಿದರೆ ಒದ್ದೆ ಹುಲ್ಲಿನ, ಹಳೆಯ ರಟ್ಟಿನ ಒಂದು ವಾಸನೆ ಎದುರಾಗುತ್ತದೆ. ಚಳಿ ಕಿಣ್ವಗಳನ್ನು ಮಂದ ಮಾಡುತ್ತದೆ, ಕೊಲ್ಲುವುದಿಲ್ಲ. ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆ ಇದೆ. ಅದರ ಬಳಿಯೇ ಇರುವ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಫ್ರೀಜರಿನ ಕತ್ತಲಲ್ಲೂ ಆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಳು ಮಾಡುತ್ತ ಕೂರುತ್ತದೆ. ಅದನ್ನು ಸುಮ್ಮನಾಗಿಸುವುದು ಕುದಿನೀರು. ಫ್ರೀಜರ್ ಆಮೇಲಿನ ಕಾವಲುಗಾರ.

ಕುದಿಸುವುದು ಎಷ್ಟು ಹೊತ್ತು? ದಿಂಡಿನ ಕಾಟ ಇಲ್ಲಿಂದ ಶುರು. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿರುವ ಮನೆಯ ಆಹಾರ ಸಂರಕ್ಷಣೆಯ ರಾಷ್ಟ್ರೀಯ ಕೇಂದ್ರದ ಲೆಕ್ಕ ಹೀಗಿದೆ: ಕಾಳು ಬಿಡಿಸಿ ಇಡುವುದಾದರೆ ತೆನೆಯನ್ನು 4 ನಿಮಿಷ ಕುದಿಸಿದರೆ ಸಾಕು. ತೆನೆಯನ್ನು ಇಡಿಯಾಗಿ ಇಡುವುದಾದರೆ ಸಣ್ಣದಕ್ಕೆ 7 ನಿಮಿಷ, ಮಧ್ಯಮಕ್ಕೆ 9, ಒಂದೂವರೆ ಅಂಗುಲಕ್ಕಿಂತ ದಪ್ಪಗಿದ್ದರೆ 11. ಕಾಳು ಅದೇ, ತೆನೆ ಅದೇ. ಹೆಚ್ಚಿನ ನಿಮಿಷಗಳೆಲ್ಲ ದಿಂಡಿನವು. ಬೆಂಡಿನಂಥ ಅದರ ಒಡಲಿಗೆ ಶಾಖ ಸುಲಭವಾಗಿ ಇಳಿಯುವುದಿಲ್ಲ, ಇಳಿದದ್ದು ಸುಲಭವಾಗಿ ಹೊರಗೂ ಬರುವುದಿಲ್ಲ. ಹಾಗಾಗಿ ಕುದಿನೀರಿನಿಂದ ತೆಗೆದ ತೆನೆಯನ್ನು ತಕ್ಷಣ ಐಸ್ ನೀರಿಗೆ ಹಾಕಿ, ದಿಂಡಿನ ಹೊಟ್ಟೆ ತಣ್ಣಗಾಗುವವರೆಗೆ ಬಿಡಬೇಕು. ಮೇಲೆ ಮುಟ್ಟಿ ತಣ್ಣಗಿದೆ ಎಂದು ತೆಗೆದರೆ ಒಳಗಿನ ಬಿಸಿ ಕಾಳನ್ನು ಬೇಯಿಸುತ್ತಲೇ ಇರುತ್ತದೆ, ದಿಂಡಿನ ವಾಸನೆ ಕಾಳಿಗೆ ಹತ್ತುತ್ತದೆ. ಆಮೇಲೆ ಬಟ್ಟೆಯಿಂದ ಒರೆಸಿ, ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಇಟ್ಟರೆ 8ರಿಂದ 12 ತಿಂಗಳು ರುಚಿ ನಿಲ್ಲುತ್ತದೆ. ಗಾಳಿ ಉಳಿದರೆ ಐಸ್ ನೀರಾಗದೆ ನೇರ ಆವಿಯಾಗಿ, ಕಾಳಿನ ಮೇಲೆ ಬಿಳಿಚಿದ ಒಣ ಕಲೆಗಳು ಏಳುತ್ತವೆ.

ಬೇಗ ಹೆಪ್ಪುಗಟ್ಟಿದರೆ ಒಳ್ಳೆಯದು ಎಂಬ ಪಾಠವನ್ನು ವ್ಯಾಪಾರಕ್ಕೆ ತಂದವರು ಕ್ಲಾರೆನ್ಸ್ ಬರ್ಡ್ಸ್‌ಐ. ಲ್ಯಾಬ್ರಡಾರಿನ ಕೊರೆಯುವ ಗಾಳಿಯಲ್ಲಿ ಇನುಯಿಟ್ ಜನ ಹಿಡಿದ ಮೀನು ಗಳಿಗೆಯಲ್ಲಿ ಕಲ್ಲಾಗುವುದನ್ನೂ, ಕರಗಿಸಿದಾಗ ತಾಜಾ ಮೀನಿನ ರುಚಿಯನ್ನೇ ಕೊಡುವುದನ್ನೂ ಅವರು ಕಂಡರು. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಅಂಗಡಿಗಳಲ್ಲಿ ಅವರ ಪೊಟ್ಟಣಗಳು ಕೂತವು. ನಿಧಾನಕ್ಕೆ ಹೆಪ್ಪುಗಟ್ಟುವ ನೀರು ದೊಡ್ಡ ಹರಳಾಗಿ ಜೀವಕೋಶದ ಗೋಡೆ ಹರಿಯುತ್ತದೆ. ಬೇಗ ಗಟ್ಟಿಯಾದರೆ ಹರಳು ಸಣ್ಣದು, ಹಾನಿ ಕಡಿಮೆ. ಕಾರ್ಖಾನೆಯಲ್ಲಿ ಬಿಡಿ ಕಾಳು ಕೊರೆಯುವ ಗಾಳಿಯಲ್ಲಿ ನಿಮಿಷಗಳಲ್ಲಿ ಮುಗಿಯುವ ಕೆಲಸ, ಮನೆಯ ಫ್ರೀಜರಿನಲ್ಲಿ ಇಡೀ ತೆನೆಗೆ ಗಂಟೆಗಟ್ಟಲೆ. ಅಲ್ಲೂ ದಿಂಡೇ ಅಡ್ಡ.

ಬೆಂಗಳೂರಿನ ಬಾಡಿಗೆ ಮನೆಯ ಸಿಂಗಲ್ ಡೋರ್ ಫ್ರಿಜ್ ಈ ಶಾಸ್ತ್ರಕ್ಕೆಲ್ಲ ಸಿದ್ಧವಾಗಿ ಹುಟ್ಟಿದ್ದಲ್ಲ. ಫ್ರೀಜರಿನ ಬಾಗಿಲ ಮೇಲೆ ನಕ್ಷತ್ರಗಳಿದ್ದರೆ ಎಣಿಸಬೇಕು: ಒಂದಕ್ಕೆ ಮೈನಸ್ 6 ಡಿಗ್ರಿ, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18. ಒಂದೇ ನಕ್ಷತ್ರದ ಗೂಡಿನಲ್ಲಿ ವರ್ಷದ ಆಸೆ ಇಟ್ಟುಕೊಳ್ಳಬಾರದು. ಜಾಗವೂ ಎಲ್ಲಿದೆ? ಒಂದು ಮೂಲೆಯಲ್ಲಿ ತೆಂಗಿನತುರಿಯ ಡಬ್ಬಿ, ಪಕ್ಕದಲ್ಲಿ ಜನವರಿಯ ಹಿತಕಿದಬೇಳೆ, ಅದರ ಮೇಲೆ ಬಟಾಣಿಯ ಪ್ಯಾಕೆಟ್, ಯಾವ ಕಾಲದ್ದೋ ಗೊತ್ತಿಲ್ಲದ ಒಂದು ಕಟ್ಟು. ಕುದಿಸಲು ಅರ್ಧ ಕಿಲೋ ತೆನೆಗೆ ಸುಮಾರು 4 ಲೀಟರ್ ನೀರು ಬೇಕು. ಅಂದರೆ ದೊಡ್ಡ ಪಾತ್ರೆಗೆ ಎರಡೇ ತೆನೆ. ಹೊಸ ಸರಕು ಹಾಕುವುದಕ್ಕೂ ಮಿತಿಯಿದೆ: 28 ಲೀಟರ್ ಜಾಗಕ್ಕೆ ದಿನಕ್ಕೆ ಒಂದು, ಒಂದೂಕಾಲು ಕಿಲೋ. ಚಿಕ್ಕ ಫ್ರೀಜರಿಗೆ ಎರಡು ಮೂರು ತೆನೆಯಾದರೆ ಆ ದಿನದ ಶಕ್ತಿ ಮುಗಿಯಿತು. ಕರೆಂಟ್ ಹೋದಾಗ ಮಾತ್ರ ತುಂಬಿದ ಫ್ರೀಜರಿಗೆ ಜಯ: ಬಾಗಿಲು ತೆಗೆಯದಿದ್ದರೆ ಪೂರ್ತಿ ತುಂಬಿದ ದೊಡ್ಡ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಕಾಯುತ್ತದೆ. ಆದರೆ ಕರೆಂಟ್ ಹೋದ ಕೂಡಲೇ ‘ಕರಗಿತೇನೋ ನೋಡೋಣ’ ಎಂದು ಬಾಗಿಲು ತೆಗೆಯದ ಮನೆ ಯಾವುದು?

ಇಂಥ ಮನೆಗಳಲ್ಲಿ ಒಂದು ಸಂಭಾಷಣೆ ಆಗಾಗ ನಡೆಯುತ್ತದೆ.

“ಅಮ್ಮಾ, ಕಾಳು ಬಿಡಿಸಿ ಡಬ್ಬಿಗೆ ಹಾಕಿದ್ರೆ ಕಾಲುಭಾಗ ಜಾಗ ಸಾಕಲ್ವಾ?”

“ಬಿಡಿಸಿದ್ದು ಉಪ್ಪಿಟ್ಟಿಗೆ ಆಯ್ತು ಕಣೇ. ಕಚ್ಚೋದಕ್ಕೆ?”

ಮಗಳ ಕಡೆ ಲೆಕ್ಕವಿದೆ, ಅಮ್ಮನ ಕಡೆ ಹಲ್ಲಿದೆ. ಗ್ಯಾಸ್ ಉಳಿಯುತ್ತದೆ, ಜಾಗ ಉಳಿಯುತ್ತದೆ, ವಾಸನೆಯ ಭಯವಿಲ್ಲ, ಕರಗುವ ಕಾಯುವಿಕೆಯಿಲ್ಲ. ಬಿಡಿ ಕಾಳಿನ ಪರ ಇಷ್ಟೊಂದು ಸಾಕ್ಷಿಗಳಿವೆ. ಇಡೀ ತೆನೆಯ ಪರ ಇರುವ ಸಾಕ್ಷಿ ಒಂದೇ. ಚಾಮುಂಡಿ ಬೆಟ್ಟದ ತಿರುವಿನಲ್ಲಿ, ಜೋಗದ ಜಿಟಿಜಿಟಿ ಮಳೆಯಲ್ಲಿ ಕೆಂಡದ ಮೇಲೆ ಸುಟ್ಟ ತೆನೆಗೆ ಅರ್ಧ ನಿಂಬೆಹಣ್ಣನ್ನು ಉಪ್ಪುಖಾರದಲ್ಲಿ ಅದ್ದಿ ಉಜ್ಜಿ ಕೊಟ್ಟಾಗ, ಎರಡೂ ಕೈಯಲ್ಲಿ ಹಿಡಿದು ಸಾಲು ಬಿಡದೆ ಕಚ್ಚಿದ ನೆನಪು. ಅದು ಹೆಚ್ಚಾಗಿ ಸಿಹಿತಳಿಯಲ್ಲ, ಹೊಲದ ಜೋಳದ ಎಳೆ ತೆನೆ. ಅಗಿಯಲು ಕೆಲಸ ಕೊಡುತ್ತದೆ. ಚಮಚಕ್ಕೆ ಆ ನೆನಪಿಲ್ಲ.

ಇಡೀ ತೆನೆಯನ್ನು ಕೈಯಲ್ಲಿ ಹಿಡಿಯುವುದು ಕನ್ನಡನಾಡಿನಲ್ಲಿ ಹೊಯ್ಸಳರ ಕಾಲದಲ್ಲೇ ಇತ್ತು ಎಂದು ವಾದಿಸಿದವರೂ ಉಂಟು. 1258ರ ಸೋಮನಾಥಪುರದ ದೇಗುಲ ಮತ್ತು ಸುತ್ತಲಿನ ಹೊಯ್ಸಳ ಗುಡಿಗಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಎಂದು ಕಾರ್ಲ್ ಜೊಹಾನೆಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಬರೆದರು. ಮೆಕ್ಸಿಕೋದಲ್ಲಿ ಸುಮಾರು 9,000 ವರ್ಷಗಳ ಹಿಂದೆ ಹುಲ್ಲಿನಿಂದ ಪಳಗಿದ ಈ ಬೆಳೆ ಕೊಲಂಬಸ್‌ಗಿಂತ ಮೊದಲೇ ಕಾವೇರಿ ಸೀಮೆಗೆ ಹೇಗೆ ಬಂತು? ಬಂದೇ ಇಲ್ಲ, ಅದು ಮುತ್ತು ಪೋಣಿಸಿದ ಮುಕ್ತಾಫಲ ಎಂದು ಭಾರತದ ಮೆಕ್ಕೆಜೋಳ ತಜ್ಞರು ಉತ್ತರ ಕೊಟ್ಟರು. ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದು ಎರಡನೆಯ ಮಾತನ್ನೇ. ಸೋಮನಾಥಪುರದಿಂದ ಹೊರಬಿದ್ದ ಪ್ರವಾಸಿ ಮಾತ್ರ ಬಾಗಿಲಾಚೆ ಬುಟ್ಟಿ ಇಟ್ಟು ಕೂತವರಿಂದ ಬೇಯಿಸಿದ ತೆನೆ ಕೊಂಡರೆ, ಒಳಗಿನ ಕಲ್ಲಿನ ಕೈಯನ್ನು ಇನ್ನೊಮ್ಮೆ ತಿರುಗಿ ನೋಡದೆ ಇರಲಾರ.

ಹಳದಿ ಜೋಳ ಮನುಷ್ಯರ ತಟ್ಟೆಗೆ ಬರಲು ಅಮೆರಿಕದಲ್ಲೂ ತಡವಾಯಿತು. ಬಿಳಿಯದು ಮನುಷ್ಯರಿಗೆ, ಹಳದಿ ದನಕ್ಕೆ ಎಂಬ ಭಾವನೆ ಅಲ್ಲಿತ್ತು. 1902ರಲ್ಲಿ ಬರ್ಪಿ ಬೀಜದ ಕಂಪನಿ ‘ಗೋಲ್ಡನ್ ಬ್ಯಾಂಟಮ್’ ತಳಿಯನ್ನು ಮಾರಿದ ಮೇಲೆ ನಿಧಾನವಾಗಿ ಬದಲಾಯಿತು. ಧಾರವಾಡದವರ ಕಿವಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಗೋವಿನಜೋಳ ಅನ್ನುವಾಗಲೇ ಹಸು ಬಾಗಿಲಲ್ಲಿ ನಿಂತ ಹಾಗೆ ಕೇಳಿಸುತ್ತದೆ.

ಈಗ ಕಡಲಾಚೆಯ ಕನ್ನಡಿಗರ ಫ್ರೀಜರಿನಲ್ಲಿ ಎರಡೂ ಲೋಕ ಅಕ್ಕಪಕ್ಕ ಮಲಗಿವೆ. ಅಲ್ಲಿನ ಭಾರತೀಯ ಅಂಗಡಿಯಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಎಂಬ ಗುಜರಾತಿ ಹೆಸರಿನ ಪ್ಯಾಕೆಟ್ ಅವರಿಗೆ ಅವರೆಕಾಳು. ಅದರ ಪಕ್ಕ ಆಗಸ್ಟಿನಲ್ಲಿ ರಸ್ತೆಬದಿಯ ಟ್ರಕ್ಕಿನಿಂದ ತಂದು ಕುದಿಸಿ ಕಟ್ಟಿಟ್ಟ ಸಿಹಿಜೋಳ. ಒಂದು ಊರಿನ ಋತುವನ್ನು ಪೊಟ್ಟಣದಲ್ಲಿ ತರಿಸಿಕೊಂಡದ್ದು, ಇನ್ನೊಂದು ಇರುವ ಊರಿನ ಋತುವನ್ನು ಕೈಯಾರೆ ತಡೆದು ನಿಲ್ಲಿಸಿದ್ದು.

ತೆಗೆಯುವ ದಿನವೂ ದಿಂಡು ತನ್ನ ಪಾಲು ಕೇಳುತ್ತದೆ. ಬಿಡಿ ಕಾಳನ್ನು ನೇರ ಬಾಣಲೆಗೆ ಸುರಿಯಬಹುದು. ಇಡೀ ತೆನೆಯನ್ನು ಹಾಗೆ ಮಾಡಿದರೆ ಕಾಳು ಸುಡುತ್ತದೆ, ನಡುವೆ ಐಸ್ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ಕರಗಲು ಬಿಟ್ಟು ಆಮೇಲೆ ಬೇಯಿಸಬೇಕು. ಡಿಸೆಂಬರಿನ ಚಳಿಯ ಸಂಜೆ ಬಸವನಗುಡಿಯ ಒಂದು ಅಡುಗೆಮನೆಯಲ್ಲಿ ತೆನೆ ತಟ್ಟೆಯ ಮೇಲೆ ಬೆವರುತ್ತ ಮಲಗಿರುತ್ತದೆ. ಅಮ್ಮ ಎರಡು ಸಲ ಮುಟ್ಟಿ ನೋಡುತ್ತಾರೆ. ಆಮೇಲೆ ಗ್ಯಾಸಿನ ಉರಿಯ ಮೇಲೆ ಹಿಡಿದಾಗ ಕೆಂಡದ ಚಟಪಟ ಬರುವುದಿಲ್ಲ, ಚುಂಯ್ ಎಂಬ ಒದ್ದೆ ಸದ್ದು ಬರುತ್ತದೆ. ಉಪ್ಪುಖಾರ ಮೆತ್ತಿದ ನಿಂಬೆಹಣ್ಣು ಆ ಕೊರತೆಯನ್ನು ಮುಕ್ಕಾಲು ತುಂಬುತ್ತದೆ. ಮಗಳು ತಕರಾರು ಮರೆತು ಮೊದಲ ಸಾಲು ಮುಗಿಸಿರುತ್ತಾಳೆ. ಗೇಟಿನ ಹತ್ತಿರ ದಿನವೂ ಬಾಳೆಹಣ್ಣಿನ ಸಿಪ್ಪೆಗೆ ಬರುವ ಹಸು ಆಗಲೇ ಬಂದು ನಿಂತಿದೆ. 11 ನಿಮಿಷ ಕುದಿಸಿ, ಐಸ್ ನೀರಲ್ಲಿ ಮುಳುಗಿಸಿ, ನಾಲ್ಕು ತಿಂಗಳು ಕರೆಂಟ್ ಬಿಲ್ ಕಟ್ಟಿ ಕಾಪಾಡಿದ ದಿಂಡನ್ನು ಅದು ಎರಡು ಸಲ ಮೂಸಿ, ಕತ್ತು ಓರೆ ಮಾಡಿ, ಕರಕರನೆ ಅಗಿಯತೊಡಗುತ್ತದೆ.