ಆರನೆಯ ತೋಟೆ

ಟೆಕ್ಸಾಸಿನ ಆಸ್ಟಿನ್‌ನಿಂದ ಪಶ್ಚಿಮಕ್ಕೆ ಹೊರಟರೆ ಸುಣ್ಣಕಲ್ಲಿನ ಗುಡ್ಡಗಳು ಶುರುವಾಗುತ್ತವೆ. ಅಂಥದೊಂದು ಗುಡ್ಡದ ಬುಡದಲ್ಲಿ ಗುಂಡು ಹಾರಿಸುವ ಮೈದಾನವಿತ್ತು. ತೊಂಬತ್ತರ ದಶಕದಲ್ಲಿ ಎಷ್ಟೋ ಶನಿವಾರ ನಾನು ಅಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೇನೆ. ಕೋವಿ ನನ್ನದಲ್ಲ, ಪಕ್ಕದ ಮನೆಯ ಹಿರಿಯರದು. ಜೀವಮಾನವಿಡೀ ಲೇತ್ ಮುಂದೆ ನಿಂತು ದುಡಿದು ನಿವೃತ್ತರಾದವರು. ಅವರು ಹಾರಿಸುತ್ತಿದ್ದರು, ನಾನು ಅಂಕಿ ಬರೆಯುತ್ತಿದ್ದೆ.

ಪರಿಚಯ ಬೆಳೆದದ್ದು ನಮ್ಮಜ್ಜನ ಮಾತಿನಿಂದ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಕೇಪಿನ ಕೋವಿಯೊಂದಿತ್ತು. ಅಜ್ಜ ಮದ್ದನ್ನು ಅಂಗೈಯಲ್ಲೇ ಅಂದಾಜು ಮಾಡಿ ನಳಿಗೆಗೆ ಸುರಿದು, ನಾರು ತುರುಕಿ, ಚರೆ ಹಾಕಿ ಜಡಿಯುತ್ತಿದ್ದ. ಇದನ್ನು ಹೇಳಿದಾಗ ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಗ್ಯಾರೇಜಿನ ಬಾಗಿಲು ತೆರೆದು ಒಳಗೆ ಕರೆದರು.

ಹಾರಿಸಿದ ಹಿತ್ತಾಳೆ ತೋಟೆಯ ಖಾಲಿ ಚಿಪ್ಪನ್ನು ಅಚ್ಚಿಗೆ ಕೊಟ್ಟು ಮೊದಲಿನ ಅಳತೆಗೆ ತರುವುದು, ಮದ್ದಿಗೆ ಕಿಡಿ ಕೊಡುವ ಕೇಪಿನಲ್ಲಿ ಹಳೆಯದನ್ನು ತಳ್ಳಿ ಹೊಸದು ಕೂರಿಸುವುದು, ಮದ್ದು ತೂಗಿ ಹಾಕುವುದು, ಮೇಲೆ ಸೀಸದ ಗುಂಡಿಟ್ಟು ಚಿಪ್ಪಿನ ಬಾಯಂಚನ್ನು ಒಳಕ್ಕೆ ಮಡಿಸುವುದು. ಕೆಲಸ ಇಷ್ಟೇ. ಆದರೆ ತೂಕದ ಲೆಕ್ಕ ಗ್ರೇನ್‌ನಲ್ಲಿ, ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿಯಲ್ಲಿ ಹತ್ತಿರಹತ್ತಿರ ಎರಡು ಗ್ರೇನ್ ಬರುತ್ತದೆ. ಅವರು ಗ್ರೇನಿನ ಹತ್ತನೇ ಒಂದು ಭಾಗಕ್ಕೆ ಉಸಿರು ಬಿಗಿಹಿಡಿದು ತೂಗುತ್ತಿದ್ದರು. ತಕ್ಕಡಿಯ ಮುಂದೆ ಮಾತಾಡುವಂತಿರಲಿಲ್ಲ.

ಅವರ ತೋಟೆ .357 ಮ್ಯಾಗ್ನಮ್. 1935ರಲ್ಲಿ ಬಂದದ್ದು. ಹಳೆಯ .38 ಸ್ಪೆಷಲ್ ತೋಟೆಯನ್ನೇ ಸ್ವಲ್ಪ ಉದ್ದ ಮಾಡಿದ್ದರು. ಇಷ್ಟು ಬಿರುಸಿನ ತೋಟೆ ಹಳೆಯ ರಿವಾಲ್ವರಿನೊಳಗೆ ಅಪ್ಪಿತಪ್ಪಿಯೂ ಹೋಗಬಾರದು ಎಂಬ ಎಚ್ಚರದಿಂದ. ನಮ್ಮ ಹಿರಿಯರಿಗೆ ಅದೇ ತೋಟೆ ನಾಲ್ಕಂಗುಲ ನಳಿಗೆಯ ರಿವಾಲ್ವರಿಗೂ ಆಗಬೇಕು, ಹದಿನೆಂಟಂಗುಲದ ಕಾರ್ಬೈನಿಗೂ ಆಗಬೇಕು. ಸೊಂಟಕ್ಕೂ ಭುಜಕ್ಕೂ ಒಂದೇ ತೋಟೆ ಎಂಬುದು ಅಮೆರಿಕದ ಪಶ್ಚಿಮದ ದನಗಾಹಿಗಳ ಕಾಲದ ಆಸೆ. 1873ರ ವಿಂಚೆಸ್ಟರಿನ .44-40 ತೋಟೆಗೆ ಕೋಲ್ಟ್ ಕಂಪನಿ ಕೆಲವೇ ವರ್ಷಗಳಲ್ಲಿ ರಿವಾಲ್ವರನ್ನೂ ಮಾಡಿತು.

ವೇಗ ಅಳೆಯುವ ಸಾಧನ ಕೈಗೆ ಬರುವ ಮೊದಲು ಮನೆಯಲ್ಲೇ ತೋಟೆ ತುಂಬುವವರೆಲ್ಲ ಒಂದು ಈಡಿನ ಬಿರುಸನ್ನು ತಿಳಿಯುತ್ತಿದ್ದುದು ಸದ್ದಿನಿಂದ, ಕೈಗೆ ಬಿದ್ದ ಒದೆತದಿಂದ, ಚಪ್ಪಟೆಯಾದ ಕೇಪಿನಿಂದ. ಕೆನ್ ಓಲರ್ ಎಂಬವರು ಆಸ್ಟಿನ್‌ನಲ್ಲೇ ವೇಗಮಾಪಕ ತಯಾರಿಸಿ ಸಾಮಾನ್ಯರ ಕೈಗೆಟುಕುವಂತೆ ಮಾಡಿದರು. ನಮ್ಮ ಹಿರಿಯರು ಅದನ್ನು ಕೊಂಡದ್ದು ತಡವಾಗಿ. ಉದ್ದನೆಯ ಕಂಬಿಯ ಮೇಲೆ ಮೂರು ಕಣ್ಣು. ಗುಂಡಿನ ನೆರಳು ದಾಟಿದ ಸಮಯ ಹಿಡಿದು, ಎರಡು ಸಲ ಲೆಕ್ಕ ಹಾಕಿ, ಕಾಗದದ ಪಟ್ಟಿಯ ಮೇಲೆ ಅಂಕಿ ಮುದ್ರಿಸುತ್ತಿತ್ತು. ಎರಡು ಲೆಕ್ಕ ಹೊಂದದಿದ್ದರೆ ಆ ಈಡು ಲೆಕ್ಕಕ್ಕಿಲ್ಲ.

ಮೊದಲ ದಿನದ ಅಂಕಿ ಅವರನ್ನು ಕಂಗೆಡಿಸಿತು. ಅವರು ಬಹುಕಾಲ ನೆಚ್ಚಿಕೊಂಡಿದ್ದ, ಕಿವಿ ಗಡಚಿಕ್ಕುವ ತೋಟೆ ರಿವಾಲ್ವರಿನಲ್ಲಿ ಸೆಕೆಂಡಿಗೆ 1,200 ಅಡಿಯ ಆಸುಪಾಸಿನಲ್ಲೇ ನಿಂತಿತು. 1935ರಲ್ಲಿ ಉದ್ದ ನಳಿಗೆಯಿಂದ ಅಳೆದು ಹೇಳಿದ್ದ ಸುಮಾರು 1,500 ಅಡಿಯನ್ನು ಇವರು ತಮ್ಮದೆಂದೇ ನಂಬಿದ್ದರು. ಕಾರ್ಬೈನಿನಲ್ಲಿ ಇನ್ನೂ ವಿಚಿತ್ರ. ಬೇಗ ಉರಿಯುವ ಮದ್ದು ತುಂಬಿದ ತೋಟೆಗೆ ಉದ್ದ ನಳಿಗೆಯಿಂದ ದೊಡ್ಡ ಲಾಭವೇನೂ ಸಿಗಲಿಲ್ಲ. ನಿಧಾನಕ್ಕೆ ಉರಿಯುವ ಮದ್ದಿನದು ಮಾತ್ರ 1,700 ದಾಟಿತು. ಗುಂಡು ಮುಂದೆ ಹೋದಂತೆಲ್ಲ ಹಿಂದಿನಿಂದ ದೂಡುತ್ತಲೇ ಇರುವ ಅನಿಲ ಅದರದು. ಗಿಡ್ಡ ನಳಿಗೆಯಲ್ಲಿ ಅದೇ ಮದ್ದು ಬಾಯಾಚೆ ಬೆಂಕಿಯಾಗಿ ಪೋಲಾಗುತ್ತಿತ್ತು. ನಾವು ಬಿರುಸೆಂದು ಬೆರಗಾಗುತ್ತಿದ್ದುದು ಆ ಬೆಂಕಿಯನ್ನು ನೋಡಿ.

ಅಂಕಿಗೆ ಸಿಗದ ಒಂದು ಪರೀಕ್ಷೆಯನ್ನು ನಾನು ಕಲಿತದ್ದು ಒಂದು ಎಡವಟ್ಟಿನಿಂದ. ಒಂದು ಶನಿವಾರ ಐದನೆಯ ಈಡಿನ ಹೊತ್ತಿಗೆ ರಿವಾಲ್ವರಿನ ಗಾಲಿ ತಿರುಗದೆ ಕಚ್ಚಿಕೊಂಡಿತು. ಒದೆತಕ್ಕೆ ಕೋವಿ ಹಿಂದೆ ಹಾರುತ್ತದೆ, ಗಾಲಿಯಲ್ಲಿ ಇನ್ನೂ ಹಾರಿಸದೆ ಉಳಿದ ತೋಟೆಯ ಚಿಪ್ಪೂ ಅದರ ಜೊತೆ ಹಾರುತ್ತದೆ, ಭಾರದ ಗುಂಡು ಇದ್ದಲ್ಲೇ ಉಳಿದು ಚಿಪ್ಪಿನಿಂದ ಇಷ್ಟಿಷ್ಟೇ ಹೊರಬರುತ್ತದೆ. ಬಾಯಂಚು ಸಡಿಲವಿದ್ದುದರಿಂದ ಗುಂಡಿನ ಮೂತಿ ಹೊರಗೆ ಚಾಚಿ ಗಾಲಿಗೆ ಅಡ್ಡ ಬಂದಿತ್ತು. ಅಂದಿನಿಂದ ಆರು ತುಂಬಿ ಐದು ಹಾರಿಸಿ, ಆರನೆಯದನ್ನು ಹೊರತೆಗೆದು ಕ್ಯಾಲಿಪರಿನಲ್ಲಿ ಉದ್ದ ನೋಡುವುದು ಕಡ್ಡಾಯವಾಯಿತು. ಕಾರ್ಬೈನಿನಲ್ಲಿ ತೋಟೆಗಳು ಒಂದರ ಹಿಂದೊಂದು ಕೂರುವ ಕೊಳವೆಯಲ್ಲಿ ಭಯ ತದ್ವಿರುದ್ಧ. ಅಲ್ಲಿ ಒಂದು ಗುಂಡಿನ ಮೂತಿ ಮುಂದಿನದರ ಕೇಪಿಗೆ ಒತ್ತಿಕೊಂಡಿರುತ್ತದೆ. ಮೂತಿ ಚಪ್ಪಟೆಯಾಗಿರಲೇಬೇಕು, ಗುಂಡು ಒಳಕ್ಕೆ ಕುಸಿಯಬಾರದು. ಎರಡಕ್ಕೂ ಒಪ್ಪುವ ತೋಟೆ ಎಂದರೆ ಎರಡೂ ಭಯಗಳಿಗೆ ಉತ್ತರ ಕೊಟ್ಟದ್ದು.

ಅದೇ ವರ್ಷಗಳಲ್ಲಿ ಹೊಸ ಕೈಪಿಡಿಗಳು ಬರುತ್ತಾ, ಹಳೆಯವು ಹೇಳಿದ್ದ ಗರಿಷ್ಠ ಪ್ರಮಾಣಗಳನ್ನು ಇಳಿಸುತ್ತಿದ್ದವು. ತಾಮ್ರದ ತುಂಡು ಎಷ್ಟು ಜಜ್ಜಿತೆಂದು ನೋಡುವ ಬದಲು ಒತ್ತಡವನ್ನು ವಿದ್ಯುತ್ ಸಾಧನದಿಂದ ನೇರವಾಗಿ ಅಳೆಯತೊಡಗಿದ್ದರು. ಮೈದಾನದ ಗೆಳೆಯರು ವಕೀಲರಿಗೆ ಹೆದರಿ ಇಳಿಸಿದ್ದಾರೆಂದು ಗೊಣಗಿದರು. ಹಿರಿಯರು ಮಾತ್ರ ಗ್ಯಾರೇಜಿಗೆ ಹೋಗಿ, ತಾವು ಮದ್ದಿನ ಪ್ರಮಾಣಗಳನ್ನು ಬರೆದಿಟ್ಟಿದ್ದ ಪುಸ್ತಕ ತೆಗೆದು, ಹೊಸ ಮಿತಿ ಮೀರಿದವನ್ನು ಸಾಲುಸಾಲಾಗಿ ಹೊಡೆದುಹಾಕಿದರು. ನಾನು ಕಂಡ ಪ್ರಾಮಾಣಿಕ ಕೆಲಸಗಳಲ್ಲಿ ಅದು ದೊಡ್ಡದು.

ಈಗ ಆ ಗುಡ್ಡದ ಮೇಲೆಲ್ಲ ಮನೆಗಳು. ಗುಂಡು ಎರೆಯಲು ಟೈರ್ ಅಂಗಡಿಯಿಂದ ತರುತ್ತಿದ್ದ ಚಕ್ರದ ತೂಕ ಸರಿದೂಗಿಸುವ ಸೀಸದ ತುಂಡುಗಳು ಅಪರೂಪವಾಗಿವೆ. ಹಲವು ಕಡೆ ಕಬ್ಬಿಣ, ಸತುವಿನವು ಬಂದಿವೆ. 2013ರಲ್ಲಿ, ಮತ್ತೆ ಕೊರೊನಾ ಕಾಲದಲ್ಲಿ, ಕೇಪು ಸಿಗದೆ ಅಂಗಡಿಗಳ ಕಪಾಟು ಬರಿದಾಗಿದ್ದವು. ವೇಗ ಹೇಳುವ ರೇಡಾರ್ ಅಂಗೈಯಗಲದ ಡಬ್ಬಿಯಾಗಿದೆ, ಅಂಕಿ ಸೀದಾ ಫೋನಿಗೆ ಬರುತ್ತದೆ. ಬರೆದುಕೊಳ್ಳುವವನ ಕೆಲಸ ಮುಗಿಯಿತು.

ಹಿರಿಯರು ಹೋದ ಮೇಲೆ ಅವರ ಮಗಳು ಪುಸ್ತಕವನ್ನು ನನಗೆ ಕೊಟ್ಟಳು. ಹೊಡೆದುಹಾಕಿದ ಒಂದೊಂದು ಸಾಲಿನ ಮೇಲೂ ಒಂದೇ ಗೆರೆ, ಪಕ್ಕದಲ್ಲಿ ತಾರೀಕು. ಕೆಳಗಿನ ಹಳೆಯ ಅಂಕಿ ಇನ್ನೂ ಓದಲು ಬರುತ್ತದೆ.