ಅರಸರು ಹೋದ ಮೇಲಿನ ಸೋದೆ

ಶಿರಸಿಯಿಂದ ಯಲ್ಲಾಪುರದತ್ತ ಸಾಗುವ ಹಾದಿಯಲ್ಲಿ, ಶಾಲ್ಮಲಾ ನದಿಯ ನೆರೆಯಲ್ಲಿರುವ ಸೋಂದಾ ಇಂದು ಅಡಿಕೆ ತೋಟಗಳ ನಡುವಣ ಒಂದು ಹಳ್ಳಿ. ಸಂಸ್ಕೃತದಲ್ಲಿ ಇದು ಸುಧಾಪುರ. ಜೈನ ಪರಂಪರೆಯಲ್ಲಿ ಸ್ವಾದಿ. ಜನರ ಬಾಯಲ್ಲಿ ಸೋದೆ. ಹೊಸಬರಿಗೆ ಇಲ್ಲಿ ಹಿಂದೊಮ್ಮೆ ರಾಜಧಾನಿಯಿತ್ತು ಎಂದು ನಂಬಿಸುವುದೇ ಕಷ್ಟ. ಕಾಡು ಮುಸುಕಿದ ಕೋಟೆಯ ಅವಶೇಷ, ಅದರೊಳಗಣ ಕಲ್ಲಿನ ಮಂಚ, ಒಂದೆರಡು ಫಿರಂಗಿ: ಅರಸೊತ್ತಿಗೆ ಬಿಟ್ಟುಹೋದ ಗುರುತುಗಳು ಇಷ್ಟೇ. ಆದರೆ ಅರಸರ ಕತೆ ಮುಗಿದಲ್ಲಿ ಊರಿನ ಕತೆ ಮುಗಿಯಲಿಲ್ಲ. ಸೋದೆಯ ಚರಿತ್ರೆಯಲ್ಲಿ ನಿಜವಾಗಿ ವಿಚಾರ ಮಾಡಬೇಕಾದ ಸಂಗತಿ ಇದು.

ವಿಜಯನಗರದ ಆಶ್ರಯದಲ್ಲಿ ಅರಸಪ್ಪ ನಾಯಕನು 1555ರಲ್ಲಿ ಆಳ್ವಿಕೆಯನ್ನು ಆರಂಭಿಸಿದನು. ಕಾಳುಮೆಣಸು, ಅಡಿಕೆ, ಏಲಕ್ಕಿ ಬೆಳೆಯುವ ನಾಡು ಅವನದು; ಘಟ್ಟದ ಕೆಳಗಣ ಬಂದರುಗಳ ವ್ಯಾಪಾರದಿಂದ ಸೋದೆಗೆ ಸಂಪತ್ತು ಬಂದಿತು. ಅವನ ಕಾಲದಲ್ಲಿಯೇ ಉಡುಪಿಯ ಅಷ್ಟಮಠಗಳಲ್ಲೊಂದರ ಯತಿಗಳಾದ ವಾದಿರಾಜರು ಇಲ್ಲಿ ನೆಲೆಸಿದರು. ಉಡುಪಿಯ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ವಿಸ್ತರಿಸಿದವರು, ಹಯವದನ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ರಚಿಸಿದವರು ಅವರೇ. ಅವರ ವೃಂದಾವನ ಇರುವುದೂ ಇಲ್ಲಿಯೇ. ಇದೇ ಊರಿನಲ್ಲಿ ಹವ್ಯಕರ ಅದ್ವೈತ ಪೀಠವಾದ ಸ್ವರ್ಣವಲ್ಲಿ ಮಠವಿದೆ. ಸ್ವಾದಿಯ ದಿಗಂಬರ ಜೈನ ಮಠವೂ ಇಲ್ಲಿದೆ. ಅದರ ಭಟ್ಟಾರಕರು ಧರಿಸುವ ಭಟ್ಟಾಕಲಂಕ ಎಂಬ ಅಭಿಧಾನವು, 1604ರಲ್ಲಿ ಕನ್ನಡ ಭಾಷೆಗೆ ಸಂಸ್ಕೃತ ಸೂತ್ರಗಳಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವೆಂಬ ವ್ಯಾಕರಣವನ್ನು ರಚಿಸಿದ ವಿದ್ವಾಂಸನನ್ನು ನೆನಪಿಗೆ ತರುತ್ತದೆ. ತತ್ತ್ವದಲ್ಲಿ ಒಂದನ್ನೊಂದು ಒಪ್ಪದ ಮೂರು ಪರಂಪರೆಗಳು ಒಂದೇ ಊರಿನ ನೀರು ಕುಡಿದು ಶತಮಾನಗಳ ಕಾಲ ಬಾಳಿವೆ.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಅದರ ಬೆನ್ನಲ್ಲೇ ಸೋದೆಯ ಸರದಿ ಬಂದಿತು. ಕೊನೆಯ ಅರಸ ಇಮ್ಮಡಿ ಸದಾಶಿವನು ಗೋವೆಗೆ ಹೋಗಿ ಪೋರ್ತುಗೀಸರ ಆಶ್ರಯ ಪಡೆದನು. ಅವನ ವಂಶದವರು ಫೋಂಡಾ ಸಮೀಪದ ಬಾಂದಿವಡೆಯಲ್ಲಿ ನೆಲೆನಿಂತರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಬಂದಾಗ ಕಂಡದ್ದು ಬಹುಪಾಲು ಪಾಳುಬಿದ್ದ ಪಟ್ಟಣ. ಸಿದ್ದಾಪುರ ತಾಲೂಕಿನ ಬಿಳಗಿಯೂ ಹೀಗೆಯೇ ರಾಜಧಾನಿಯ ಪಟ್ಟ ಕಳೆದುಕೊಂಡು ಬಸದಿಯನ್ನೂ ಗೋಳಬಾವಿಯನ್ನೂ ಉಳಿಸಿಕೊಂಡ ಊರು.

ಹಾಗಾದರೆ ಸೋದೆಯನ್ನು ಉಳಿಸಿದ್ದು ಯಾವುದು? ಮಠಗಳು ಎಂಬುದು ಅರ್ಧ ಉತ್ತರ. ಮಠಕ್ಕೆ ಅಕ್ಕಿ, ತೆಂಗು, ಬಾಳೆಗೊನೆ ತಲುಪಿಸುವ ಮನೆಗಳಿಲ್ಲದೆ ಮಠವಿಲ್ಲ. ಆ ಮನೆಗಳು ನಿಂತದ್ದು ತೋಟದ ಮೇಲೆ. ತೋಟ ನಿಂತದ್ದು ಒಬ್ಬರ ದುಡಿಮೆಯ ಮೇಲಲ್ಲ. ಅಡಿಕೆ ಸಸಿ ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು. ಗೊಬ್ಬರಕ್ಕೆ ಸೊಪ್ಪಿನ ಬೆಟ್ಟ ಬೇಕು. 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಸಲ್ಲುವ ಕಟ್ಟಳೆ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು, ಕೊನೆ ಕೊಯ್ಯಲು, ರಾತ್ರಿ ಕುಳಿತು ಅಡಿಕೆ ಸುಲಿಯಲು ನೆರೆಮನೆಯವರು ಕೂಡಬೇಕು. ಸುಲಿಯುವ ಕತ್ತಿಯ ಸದ್ದಿನೊಡನೆ ತಾಳಮದ್ದಲೆಯ ಅರ್ಥದ ಚರ್ಚೆಯೂ ಅಲ್ಲಿಯೇ ನಡೆಯುತ್ತಿತ್ತು.

ಈ ಕೂಡುಬಾಳ್ವೆಯೇ ಮುಂದೆ ಸಂಸ್ಥೆಯ ರೂಪ ತಾಳಿತು. ವ್ಯಾಪಾರಿಗಳ ದರಕ್ಕೆ ಕೈಯೊಡ್ಡಿದ್ದ ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಈ ಸಂಘ ಬರಿಯ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಮುಳುಗಲಿರುವ ತೋಟ ಮತ್ತು ಕಾಡಿನ ಬೆಲೆಯನ್ನು ಲೆಕ್ಕಹಾಕಿ, 1981ರಲ್ಲಿ ತಜ್ಞರನ್ನು ಶಿರಸಿಗೆ ಕರೆಸಿ ವಿಚಾರ ಸಂಕಿರಣ ನಡೆಸಿತು. ಯೋಜನೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಸಲಕಣಿಯ ಸುತ್ತಿನ ಜನ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅರಸನಿಲ್ಲದ ಸೀಮೆ ತನ್ನನ್ನು ತಾನೇ ಕಾಯ್ದುಕೊಂಡ ಬಗೆಯಿದು.

ಈಗಿನ ಆತಂಕ ಬೇರೆ. ದಂಡೆತ್ತಿ ಬರುವವರು ಯಾರೂ ಇಲ್ಲ, ಹೊರಟುಹೋಗುವವರಿದ್ದಾರೆ. ಓದಿದ ಮಕ್ಕಳು ಬೆಂಗಳೂರಿಗೆ, ಅಲ್ಲಿಂದಾಚೆಗೆ ತೆರಳುತ್ತಾರೆ. ದೊಡ್ಡ ಅಂಗಳದ ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು ಉಳಿಯುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ಬದುಕನ್ನರಸಿ ಗೋವೆಗೆ ಹೋದ ಅರಸನನ್ನು ಕ್ಷಮಿಸುವ ಚರಿತ್ರೆ, ನೌಕರಿಗೆ ಹೋದ ಹುಡುಗನನ್ನೂ ಕ್ಷಮಿಸಬೇಕು. ಆದರೆ ಅಟ್ಟದ ಮೇಲಣ ತಾಡವೋಲೆಯನ್ನು ಓದಬಲ್ಲವರು, ತೋಟದ ಮೂಲೆಯ ಶಾಸನದ ಕಲ್ಲು ಯಾವುದೆಂದು ತೋರಿಸಬಲ್ಲವರು ಅವರೊಡನೆಯೇ ಮರೆಯಾಗುತ್ತಿದ್ದಾರೆ.

ಭರವಸೆಗೂ ನೆಲೆಯಿದೆ. ಸೋಂದೆಯ ಮುಂಡಿಗೆಕೆರೆಗೆ ಪ್ರತಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಲು ಬರುತ್ತವೆ. ಊರಿನವರೇ ಅವುಗಳನ್ನು ಕಾಯುತ್ತಾರೆ. ಕೋಟೆಯ ಕಲ್ಲುಗಳನ್ನು ಕಾಯಲು ಸಂಬಳದ ಕಾವಲುಗಾರನೊಬ್ಬ ಸಾಕು. ಒಂದೇ ಹಳ್ಳದ ನೀರನ್ನು ನಾಲ್ಕು ತೋಟಗಳು ಹಂಚಿಕೊಳ್ಳುವ ಕಟ್ಟಳೆಯನ್ನು ಕಾಯಲು ನಾಲ್ಕು ಮನೆಗಳಲ್ಲೂ ಜನರಿರಬೇಕು.