ಪಾಕಗೃಹದ ಗೋಡೆಯ ಬಣ್ಣ

ಮನೆಯೊಳಗಿನ ಸ್ಥಳಗಳಲ್ಲೆಲ್ಲ ಪಾಕಗೃಹವೇ ಹೆಚ್ಚು ಉಪಯೋಗಕ್ಕೆ ಬರತಕ್ಕದ್ದು. ಆದರೂ ಮನೆಗೆ ಬಣ್ಣ ಬಳಿಯಿಸುವಾಗ ಎಲ್ಲಕ್ಕಿಂತ ಕಡೆಗೆ ನೆನಪಿಗೆ ಬರುವದೂ ಅದೇ. ಪಡಸಾಲೆಯ ಗೋಡೆಗೆ ಯಾವ ಬಣ್ಣವಿರಬೇಕೆಂದು ಹತ್ತು ಜನರು ಹತ್ತು ದಿವಸ ವಿಚಾರ ಮಾಡುವರು. ಅಡಿಗೆಯ ಮನೆಗೆ ಮಿಕ್ಕ ಬಣ್ಣವನ್ನು ಬಳಿದರಾಯಿತೆಂದು ಮಾತು ಮುಗಿಸುವರು. ಪಡಸಾಲೆಯಲ್ಲಿ ಅತಿಥಿಗಳು ಒಂದು ತಾಸು ಕುಳಿತು ಹೋಗುವರು. ಅಡಿಗೆಯ ಮನೆಯಲ್ಲಿ ಗೃಹಿಣಿಯು ಪ್ರತಿದಿನ ನಾಲ್ಕಾರು ತಾಸು ನಿಂತಿರುವಳು. ಹಾಗಿರುವಾಗ ಯಾವ ಗೋಡೆಯ ವಿಷಯದಲ್ಲಿ ಹೆಚ್ಚಿನ ವಿಚಾರವು ಅವಶ್ಯವೆಂಬದನ್ನು ವಾಚಕರೇ ನಿರ್ಣಯಿಸಬಹುದು. ಈಚೆಗೆ ಸಾಯಗಾಂವದಲ್ಲಿ ನಮ್ಮ ಮನೆಯ ಅಡಿಗೆಯ ಕೋಣೆಯನ್ನು ಹೊಸದಾಗಿ ಮಾಡಿಸಬೇಕಾಗಿ ಬಂದಾಗ ಈ ವಿಷಯದಲ್ಲಿ ನಾವು ಕಂಡುದನ್ನೂ ವಿಚಾರಿಸಿ ತಿಳಿದುದನ್ನೂ ಇಲ್ಲಿ ಬರೆಯುತ್ತೇವೆ.

ತರ್ಕಶಾಸ್ತ್ರವನ್ನು ಓದಿದವರಿಗೆ ಪಾಕಗೃಹವು ಅಪರಿಚಿತವಲ್ಲ. ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವ ಪ್ರಸಿದ್ಧವಾದ ಅನುಮಾನದಲ್ಲಿ ದೃಷ್ಟಾಂತವಾಗಿ ನಿಲ್ಲುವದು ‘ಮಹಾನಸ’, ಎಂದರೆ ಅಡಿಗೆಯ ಮನೆ. ಹೊಗೆ ಬೆಂಕಿಗಳು ಜೊತೆಯಾಗಿರುವದನ್ನು ಯಾರಾದರೂ ಕಣ್ಣಾರೆ ನೋಡಬಹುದಾದ ಸ್ಥಳ ಅದೇ ಎಂದು ಶಾಸ್ತ್ರಕಾರರು ಎಣಿಸಿದರು. ಬೆಂಕಿಯಿದ್ದರೂ ಹೊಗೆಯಿಲ್ಲದಿರುವದಕ್ಕೆ ಅವರು ಕಾದ ಕಬ್ಬಿಣದ ಗುಂಡನ್ನು ಉದಾಹರಿಸಿ, ಹೊಗೆಗೆ ಹಸಿಯ ಕಟ್ಟಿಗೆಯ ಸಂಯೋಗವು ಬೇಕೆಂದು ಹೇಳಿದರು. ಇಂದು ಆ ಕಾದ ಗುಂಡಿನ ಸ್ಥಾನಕ್ಕೆ ಗ್ಯಾಸಿನ ಒಲೆ ಬಂದಿದೆ. 2016ರಲ್ಲಿ ಉಜ್ವಲಾ ಯೋಜನೆಯು ಆರಂಭವಾದ ಮೇಲೆ ಬಡವರ ಮನೆಗಳಿಗೂ ಸಿಲಿಂಡರು ತಲುಪಿತು. ಹೊಗೆಯು ಹೋದ ಮೇಲೆಯೇ ಅಡಿಗೆಯ ಮನೆಯ ಬಣ್ಣವೆಂಬದು ಒಂದು ಪ್ರಶ್ನೆಯಾಯಿತು. ಅದಕ್ಕೆ ಮೊದಲು ನಾವು ಯಾವ ಬಣ್ಣವನ್ನು ಬಳಿದರೂ ಆರು ತಿಂಗಳಲ್ಲಿ ಹೊಗೆಯು ತನ್ನ ಬಣ್ಣವನ್ನೇ ಬಳಿಯುತ್ತಿತ್ತು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಹೊಗೆ ಹೋಗುವದಕ್ಕೆ ಒಂದು ಬೆಳಕಿಂಡಿ. ಇಷ್ಟೇ ಅಡಿಗೆಯ ಮನೆಯ ಲಕ್ಷಣವು. ಗೋಡೆಯ ಕೆಳಭಾಗಕ್ಕೆ ಸೆಗಣಿ ಮಣ್ಣಿನ ಸಾರಣೆ, ಮೇಲ್ಭಾಗಕ್ಕೆ ಸುಣ್ಣ, ನಡುವೆ ಜಾಜಿನ ಒಂದು ಪಟ್ಟಿ. ದಸರೆಯ ಘಟಸ್ಥಾಪನೆಗೆ ಮುಂಚೆ ಪಾತ್ರೆ ಪದಾರ್ಥಗಳನ್ನೆಲ್ಲ ಹೊರಗೆ ಹಾಕಿ ಸುಣ್ಣ ಬಳಿಯುವದು ವಾಡಿಕೆ. ಆ ಸುಣ್ಣದಲ್ಲಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಯಿಸುತ್ತಿದ್ದರು. ಸುಣ್ಣದಲ್ಲಿ ಅಡಗಿರುವ ಹಳದಿಯ ಛಾಯೆಯನ್ನು ನೀಲಿಯು ಅಳಿಸಿ ಬಿಳುಪನ್ನು ಎತ್ತಿ ತೋರಿಸುವದೆಂಬದು ನಮ್ಮ ಹಿರಿಯ ಸ್ತ್ರೀಯರಿಗೆ ಅನುಭವದಿಂದಲೇ ತಿಳಿದಿತ್ತು. ಸುಣ್ಣದಲ್ಲಿ ಬಣ್ಣದ ಗುಣದೊಡನೆ ಬೇರೆ ಗುಣಗಳೂ ಉಂಟು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಬಳಿದರೆ ಅದು ಗಾಳಿಯೊಳಗಿನ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಪುನಃ ಕಲ್ಲಾಗುವದು. ಹಸಿಯಾಗಿರುವಾಗ ಅದರ ತೀಕ್ಷ್ಣವಾದ ಕ್ಷಾರವು ಬೂಷ್ಟನ್ನೂ ಸೂಕ್ಷ್ಮ ಕ್ರಿಮಿಗಳನ್ನೂ ಕೊಲ್ಲುವದು.

1993ರ ಸೆಪ್ಟೆಂಬರ 30ರಂದು ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನರು ಕಲ್ಲುಮಣ್ಣಿನ ಮನೆಗಳ ಅಡಿಯಲ್ಲಿ ಸಿಕ್ಕು ಮಡಿದ ಮೇಲೆ ಅಂಥ ಗೋಡೆಗಳ ಮೇಲಿನ ವಿಶ್ವಾಸವು ನಮಗೂ ಕುಗ್ಗಿತ್ತು. ಆದದ್ದರಿಂದ ಆಗ್ನೇಯ ಮೂಲೆಯ ಅಡಿಗೆಯ ಕೋಣೆಯ ಹಳೆಯ ಗೋಡೆಗಳನ್ನು ತೆಗೆಯಿಸಿ ಇಟ್ಟಿಗೆ ಸಿಮೆಂಟಿನಿಂದ ಕಟ್ಟಿಸಿದೆವು. ಪೂರ್ವಕ್ಕೆ ಒಂದು ದೊಡ್ಡ ಕಿಟಕಿಯನ್ನಿಡಿಸಿ, ನಿಂತು ಅಡಿಗೆ ಮಾಡುವದಕ್ಕೆ ಕರಿಯ ಕಡಪಾ ಕಲ್ಲಿನ ಕಟ್ಟೆಯನ್ನು ಹಾಕಿಸಿದೆವು. ನೆಲಕ್ಕೆ ಶಹಾಬಾದದ ಬೂದು ಫರಸಿ ಮೊದಲಿನದೇ ಉಳಿಯಿತು. ಇನ್ನು ಬಣ್ಣವೊಂದೇ ಬಾಕಿಯೆನ್ನುವಾಗ ಮತಭೇದವು ಆರಂಭವಾಯಿತು. ಪುಣೆಯಲ್ಲಿ ಉದ್ಯೋಗದಲ್ಲಿರುವ ಮಗನು ಬೂದಿಯ ಬಣ್ಣವೇ ಈಗಿನ ರೀತಿಯೆಂದನು. ನಮ್ಮ ಮನೆಯವರು ಅಚ್ಚ ಬಿಳಿಯದೇ ಇರಲಿ ಎಂದರು. ನೆರೆಮನೆಯವರು ತಮ್ಮ ಗುಲಾಬಿ ಗೋಡೆಯನ್ನು ಕರೆದು ತೋರಿಸಿದರು. ಕಡೆಗೆ, ಯಾವ ಪಕ್ಷಕ್ಕೂ ಸೇರದ ಒಂದು ತಟಸ್ಥವಾದ ಬಣ್ಣವಿರಲಿ ಎಂದು ಸೊಸೆಯು ಸಂಧಿಯನ್ನು ಸೂಚಿಸಿದಳು, ಎಲ್ಲರೂ ಒಪ್ಪಿದರು. ಆದರೆ ತಟಸ್ಥವಾದ ಬಣ್ಣವೆಂದರೆ ಯಾವದು?

ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಬಿಳಿ, ನೀಲಿ, ಹಳದಿ, ಕೆಂಪು, ಹಸುರು, ಕಪಿಶ, ಚಿತ್ರ ಎಂದು ಏಳು ವರ್ಣಗಳನ್ನು ಎಣಿಸಿದೆ, ತಟಸ್ಥವೆಂಬದು ಅವುಗಳಲ್ಲಿಲ್ಲ. ಶಬ್ದವನ್ನೇ ಬಿಡಿಸಿ ನೋಡೋಣ. ತಟವೆಂದರೆ ದಂಡೆ, ದಂಡೆಯ ಮೇಲೆ ನಿಂತವನು ತಟಸ್ಥನು. ಮಾಂಜರಾ ನದಿಗೆ ಮಹಾಪೂರ ಬಂದಾಗ ದಂಡೆಯ ಮೇಲೆ ನಿಂತವನು ಪ್ರವಾಹದಲ್ಲಿಲ್ಲ. ಆದರೆ ಅವನ ಪಾದಕ್ಕೂ ಆ ದಂಡೆಯ ಕೆಸರು ಸ್ವಲ್ಪವಾದರೂ ಹತ್ತಿಯೇ ಇರುವದು. ಬಣ್ಣಗಳ ಗತಿಯೂ ಹೀಗೆಯೇ. ಅಂಗಡಿಯಲ್ಲಿ ಬೂದು, ದಂತದ ಬಣ್ಣ, ಮಾಸಲು ಬಿಳುಪು ಎಂದು ಮಾರುವ ಪ್ರತಿಯೊಂದರಲ್ಲಿಯೂ ಹಸುರೋ ನೀಲಿಯೋ ಹಳದಿಯೋ ನಸುಗೆಂಪೋ ಗುಪ್ತವಾಗಿ ಬೆರೆತಿರುತ್ತದೆ. ಒಂದನ್ನೇ ನೋಡಿದರೆ ಅದು ತಿಳಿಯುವದಿಲ್ಲ. ಪಕ್ಕದಲ್ಲಿ ಒಂದು ಶುಭ್ರವಾದ ಬಿಳಿಯ ಕಾಗದವನ್ನಿಟ್ಟ ಕೂಡಲೆ ಗುಪ್ತವಾದ ಬಣ್ಣವು ಬಯಲಿಗೆ ಬರುವದು. ಮಗನು ಮೆಚ್ಚಿದ ಬೂದು ಹೀಗೆ ಪರೀಕ್ಷಿಸಿದಾಗ ಸ್ಪಷ್ಟವಾಗಿ ನೀಲಿಯಾಗಿತ್ತು.

ಸ್ವತಃ ಮೆರೆಯದೆ ತನ್ನ ಮುಂದಿರುವ ವಸ್ತುವನ್ನು ಮೆರೆಯಿಸುವದೇ ತಟಸ್ಥವಾದ ಬಣ್ಣದ ಕೆಲಸ. ಇದನ್ನು ನಮ್ಮ ಜಿಲ್ಲೆಯವರಿಗೆ ಹೊರಗಿನವರು ಕಲಿಸಬೇಕಾದುದಿಲ್ಲ. ಬಿದರಿಯ ಪಾತ್ರೆಯು ಹೆಚ್ಚಾಗಿ ಸತುವು, ಅದರಲ್ಲಿ ಸ್ವಲ್ಪ ತಾಮ್ರ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯನ್ನು ಕೂಡಿಸಿ, ಬೀದರ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಬೆರೆಯಿಸಿದ ನೀರಿನಲ್ಲಿ ಅದ್ದಿದರೆ ಲೋಹವು ಕಪ್ಪಾಗುವದು, ಬೆಳ್ಳಿಯು ಬೆಳ್ಳಗೇ ಉಳಿಯುವದು. ಆ ಕಪ್ಪು ಇಲ್ಲದಿದ್ದರೆ ಬೆಳ್ಳಿಯ ಬಳ್ಳಿಯನ್ನು ಯಾರು ಕಾಣುತ್ತಿದ್ದರು? ಅದೇ ಕೋಟೆಯ ರಂಗೀನ ಮಹಲಿನಲ್ಲಿ ಕರಿಯ ಕಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪುಗಳೂ ಇದನ್ನೇ ಹೇಳುವವು. ನಮ್ಮ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಸ್ಟೀಲಿನ ತಂಬಿಗೆಯನ್ನಿಟ್ಟಾಗ ನಮಗೆ ಬಿದರಿಯ ನೆನಪಾಯಿತು.

ಎರಡನೆಯ ವಿಷಯವು ಬೆಳಕು. ಪೂರ್ವದ ಕಿಟಕಿಯ ಕೋಣೆಯಲ್ಲಿ ಬೆಳಿಗ್ಗೆ ಎಳೆಯ ಬಿಸಿಲು ಬಂದಾಗ ಗೋಡೆಯು ಹಳದಿಯಾಗಿಯೂ, ಮಧ್ಯಾಹ್ನದ ಮೇಲೆ ಆಕಾಶದ ಬೆಳಕು ಮಾತ್ರ ಉಳಿದಾಗ ಅದೇ ಗೋಡೆಯು ಸ್ವಲ್ಪ ನೀಲಿಯಾಗಿಯೂ ತೋರುವದು. ರಾತ್ರಿಯಲ್ಲಿ ದೀಪದ ಗುಣವೇ ಗೋಡೆಯ ಗುಣ. ದೀಪದ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಳತೆಯನ್ನು ಮುದ್ರಿಸಿರುತ್ತಾರೆ. 2700 ಇದ್ದರೆ ಹಳೆಯ ಬಲ್ಬಿನಂತೆ ಹಳದಿ, 6500 ಇದ್ದರೆ ನೀಲಿ ಬೆರೆತ ಬಿಳಿ. ಆದಕಾರಣ ಅಂಗಡಿಯ ಪಟ್ಟಿಯಲ್ಲಿ ಬೆರಳಗಲದ ಚೂರನ್ನು ನೋಡಿ ಬಣ್ಣವನ್ನು ಕೊಳ್ಳುವದು ಪೊಟ್ಟಣದೊಳಗಿನ ಬೀಜವನ್ನು ನೋಡಿ ಬೆಳೆಯ ಬೆಲೆ ಕಟ್ಟಿದಂತೆ. ನಾವು ಮೂರು ಬಣ್ಣಗಳನ್ನು ಸ್ವಲ್ಪ ಸ್ವಲ್ಪವೇ ತರಿಸಿ, ಎರಡಡಿ ಚೌಕದಷ್ಟು ಸ್ಥಳಗಳಲ್ಲಿ ಎರಡೆರಡು ಸಲ ಬಳಿಯಿಸಿ, ಒಂದು ವಾರದ ವರೆಗೆ ಅವನ್ನು ಎಲ್ಲ ಹೊತ್ತಿನಲ್ಲಿಯೂ ನೋಡಿದೆವು.

ಆ ವಾರದಲ್ಲಿಯೇ ಈ ವಿಚಾರವೆಲ್ಲ ಬೇರೆಯೊಂದು ದಾರಿಯನ್ನು ಹಿಡಿಯಿತು. ನಮ್ಮ ತಾಯಿಯವರು ಎಂಬತ್ತು ದಾಟಿದವರು. ಐವತ್ತು ವರ್ಷ ಕಟ್ಟಿಗೆಯ ಒಲೆಯ ಮುಂದೆ ಕುಳಿತು ಊದಿದವರು. ಕಟ್ಟಿಗೆಯ ಹೊಗೆಗೂ ಕಣ್ಣಿನ ಪೊರೆಗೂ ಸಂಬಂಧವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವದು. ಅವರ ಬಲಗಣ್ಣಿನ ಪೊರೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದಾಗಿತ್ತು. ಎಡಗಣ್ಣು ಇನ್ನೂ ಹಾಗೆಯೇ ಇತ್ತು. ಅವರು ಗೋಡೆಯ ಮುಂದೆ ನಿಂತು ಒಂದು ಕಣ್ಣನ್ನು ಮುಚ್ಚಿ ನೋಡಿದರು, ಮತ್ತೊಂದನ್ನು ಮುಚ್ಚಿ ನೋಡಿದರು. “ಅಪ್ಪಾ, ಈ ಕಣ್ಣಿಗೆ ಇದು ಹಾಲಿನ ಹಾಗಿದೆ, ಆ ಕಣ್ಣಿಗೆ ಮಜ್ಜಿಗೆಗೆ ಅರಿಸಿಣ ಹಾಕಿದ ಹಾಗಿದೆ; ಯಾವದು ಖರೆ?” ಎಂದು ಕೇಳಿದರು.

ಕಾಮಾಲೆಯಾದವನಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವದೆಂಬ ದೃಷ್ಟಾಂತವನ್ನು ಭ್ರಮೆಯ ಪ್ರಕರಣದಲ್ಲಿ ನಾವು ಎಷ್ಟೋ ಸಲ ಪಾಠ ಹೇಳಿದ್ದುಂಟು. ಇಲ್ಲಿ ಶಂಖವು ಗೋಡೆಯಾಗಿತ್ತು, ಕಾಮಾಲೆಯ ಸ್ಥಾನದಲ್ಲಿ ಪೊರೆಯಿತ್ತು. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗಟ್ಟಿ ನೀಲಿಯ ಬೆಳಕನ್ನು ತಡೆಯುವದು. ಅದನ್ನು ತೆಗೆದು ಹೊಸ ಮಸೂರವನ್ನಿಟ್ಟಾಗ ಬಿಳುಪೂ ನೀಲಿಯೂ ಪುನಃ ಕಾಣುವವು. ಅಷ್ಟೇ ಅಲ್ಲದೆ, ಇಪ್ಪತ್ತು ವರ್ಷದವನ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರುವತ್ತರವನಿಗೆ ತಲುಪುವದಂತೆ. ಎಂಬತ್ತಾದವರ ಮಾತನ್ನು ಹೇಳಬೇಕಾದುದಿಲ್ಲ. ಹಾಗಾದರೆ ಈ ಗೋಡೆಯನ್ನು ಯಾರ ಕಣ್ಣಿಗಾಗಿ ಬಳಿಯಬೇಕು?

ತಾಯಿಯವರು ಈಗ ಅಡಿಗೆ ಮಾಡುವದಿಲ್ಲ. ಆದರೆ ತೊಗರಿಬೇಳೆಯ ಹರಳನ್ನು ಆರಿಸುವದೂ, ಹಾಲು ಕಾಯಿಸುವದೂ ತಮ್ಮ ಕೆಲಸವೆಂದು ಅವರ ಹಟ. ಕಳೆದ ವರ್ಷ ಒಂದು ದಿನ, ಬಿಳಿಯ ಟೈಲ್ಸಿನ ಮುಂದೆ ಇಟ್ಟಿದ್ದ ಸ್ಟೀಲಿನ ಪಾತ್ರೆಯು ಹೊಳಪಿನಲ್ಲಿ ಹೊಳಪಾಗಿ ಅವರಿಗೆ ಕಾಣದೆ, ಕೈಗೆ ಬಿಸಿ ತಾಗಿತ್ತು. ಅಂದಿನಿಂದ ಅವರನ್ನು ಒಲೆಯ ಹತ್ತಿರ ಬಿಡಬಾರದೆಂಬ ಮಾತು ಮನೆಯಲ್ಲಿ ಹುಟ್ಟಿತ್ತು. ಆ ಮಾತು ಪ್ರೀತಿಯಿಂದಲೇ ಬಂದದ್ದು. ಆದರೂ ಅರುವತ್ತು ವರ್ಷ ಆ ಕೋಣೆಯನ್ನು ಆಳಿದವರಿಗೆ ಅದರ ಹೊಸ್ತಿಲನ್ನು ದಾಟಬೇಡಿರೆಂದು ಹೇಳುವದು ಸಣ್ಣ ಮಾತಲ್ಲ. ಬಣ್ಣದ ನಿರ್ಣಯದಲ್ಲಿ ಆ ಮಾತಿನ ನಿರ್ಣಯವೂ ಅಡಗಿದೆಯೆಂದು ನಮ್ಮ ಮನೆಯವರಿಗೆ ಮೊದಲು ಹೊಳೆಯಿತು. ಅಚ್ಚ ಬಿಳಿಯ ಪಕ್ಷವನ್ನು ಬಿಟ್ಟವರೂ ಅವರೇ ಮೊದಲಿಗರು.

ಮುಂದಿನ ನಿರ್ಣಯವು ಸುಲಭವಾಯಿತು. ಬೂದಿಯ ಬಣ್ಣವು ಬೆಳಕನ್ನು ನುಂಗುವದು. ಬಣ್ಣವು ಹಿಂದಿರುಗಿಸುವ ಬೆಳಕಿಗೆ ಒಂದು ಅಳತೆಯುಂಟು; ಪೂರ್ಣ ಕಪ್ಪಿಗೆ 0, ಪೂರ್ಣ ಬಿಳುಪಿಗೆ 100. ವೃದ್ಧರಿರುವ ಕೋಣೆಗೆ ಈ ಅಂಕವು ಹೆಚ್ಚಾಗಿರಬೇಕು. ಆದರೆ ಹೊಳಪು ಕಡಿಮೆಯಿರಬೇಕು, ಏಕೆಂದರೆ ಹೊಳಪಿನ ಗೋಡೆಯು ಕಣ್ಣನ್ನು ಕುಕ್ಕುವದು. ನಾವು ಆರಿಸಿದ್ದು, ಬಿಳುಪಿನಲ್ಲಿ ಕಂಡೂ ಕಾಣದಷ್ಟು ಹಳದಿಯೂ ಬೂದುವೂ ಬೆರೆತ ಒಂದು ಬಣ್ಣ. ಅಂಗಡಿಯವನು ಅದಕ್ಕೆ ಬೇರೆ ಏನೋ ಹೆಸರು ಹೇಳಿದನು. ತಾಯಿಯವರು ನೋಡಿದೊಡನೆ ಜೋಳದ ಹಿಟ್ಟಿನ ಬಣ್ಣವೆಂದರು. ಆ ಹೆಸರೇ ನಿಂತಿತು. ಅದರ ಮುಂದೆ ಕರಿಯ ಕಟ್ಟೆಯ ಅಂಚು ಎಡಗಣ್ಣಿಗೂ ಗೆರೆ ಎಳೆದಂತೆ ಕಾಣುವದು. ಒಲೆಯ ಹಿಂದೆ ಎರಡಡಿ ಎತ್ತರ ಬಿಳಿಯ ಟೈಲ್ಸಿಗೆ ಬದಲಾಗಿ ಹೊಳಪಿಲ್ಲದ ಗಾಢ ಬೂದು ಟೈಲ್ಸನ್ನು ಹಾಕಿಸಿದೆವು. ಮಗನ ಬೂದುವಿಗೂ ಹೀಗೆ ಸ್ಥಾನ ದೊರೆಯಿತು. ಅದರ ಮುಂದೆ ಸ್ಟೀಲಿನ ಪಾತ್ರೆಯು ಬಿದರಿಯ ಬೆಳ್ಳಿಯಂತೆ ಎದ್ದು ತೋರುವದು.

ಬಳಿಯುವ ಕ್ರಮದ ಬಗ್ಗೆ ಎರಡು ಮಾತುಗಳನ್ನು ಗೃಹಿಣಿಯರು ನೆನಪಿನಲ್ಲಿಡುವದು ಒಳ್ಳೆಯದು. ಅರಿಸಿಣಕ್ಕೆ ಸುಣ್ಣವನ್ನು ಬೆರೆಯಿಸಿದರೆ ಕೆಂಪಾಗುವದು ಎಲ್ಲರಿಗೂ ಗೊತ್ತಿದ್ದದ್ದೇ. ಕ್ಷಾರವು ತಾಗಿದಾಗ ಅರಿಸಿಣದ ವರ್ಣವು ಬದಲಾಗುವದು. ಹೊಸ ಸಿಮೆಂಟಿನಲ್ಲಿಯೂ ಅಂಥದೇ ಕ್ಷಾರವಿದೆ. ಗೋಡೆಯ ಗಿಲಾವು ಒಣಗುವದಕ್ಕೆ ಸುಮಾರು 28 ದಿವಸ ಬಿಡದೆ, ಕ್ಷಾರವನ್ನು ತಡೆಯುವ ಪ್ರೈಮರನ್ನು ಹಾಕದೆ ಅವಸರದಿಂದ ಬಣ್ಣ ಬಳಿದರೆ, ಬಣ್ಣವು ಬೇಗನೆ ಸುಲಿಯುವದು. ತೊಳೆಯಲು ಬರುವ ಇಮಲ್ಶನ್ ಬಣ್ಣವಾದರೆ ಎಣ್ಣೆಯ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಅರಿಸಿಣದ ಕಲೆಯನ್ನು ಕಂಡ ಕೂಡಲೆ ಒರೆಸಬೇಕು. ಉಳಿದರೂ ಭಯವಿಲ್ಲ, ಬಿಸಿಲು ಬೀಳುವ ಗೋಡೆಯಾದರೆ ಅದು ತಾನಾಗಿಯೇ ಮಾಸುವದು. ಎರಡನೆಯದು ಸೀಸದ ಮಾತು. 2017ರ ನವೆಂಬರದಿಂದ ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗಗಳನ್ನು ಮೀರಬಾರದೆಂಬ ನಿಯಮವು ಜಾರಿಯಲ್ಲಿದೆ. ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು. ಹಳೆಯ ಎಣ್ಣೆಬಣ್ಣವನ್ನು ಕೆರೆಯುವಾಗ ಮಕ್ಕಳನ್ನು ದೂರವಿಡಬೇಕು.

ಇಷ್ಟು ವಿಚಾರದಿಂದ ನಮಗೆ ಖಚಿತವಾದುದು ಒಂದೇ. ಯಾವ ಬಣ್ಣವೂ ತಾನಾಗಿ ತಟಸ್ಥವಲ್ಲ. ಹೊತ್ತು, ದೀಪ, ಪಕ್ಕದ ಕಲ್ಲು, ನೋಡುವವರ ಕಣ್ಣು, ಇವೆಲ್ಲ ಕೂಡಿ ಅದನ್ನು ತಟಸ್ಥವನ್ನಾಗಿ ಮಾಡಬೇಕು. ಆದದ್ದರಿಂದ ಬಣ್ಣವನ್ನು ಆರಿಸುವವರು ಮೊದಲು ಆ ಕೋಣೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಕೆಲಸ ಮಾಡುವರೆಂದು ಕೇಳಲಿ. ಮನೆಯಲ್ಲಿ ಎಲ್ಲರಿಗಿಂತ ಮಂದವಾಗಿ ಕಾಣುವ ಕಣ್ಣು ಯಾರದೋ ಅವರನ್ನು ಗೋಡೆಯ ಮುಂದೆ ನಿಲ್ಲಿಸಿ ಅಭಿಪ್ರಾಯವನ್ನು ತೆಗೆದುಕೊಳ್ಳಲಿ. ಅವರಿಗೆ ಅನುಕೂಲವಾದದ್ದು ಉಳಿದವರಿಗೆ ಪ್ರತಿಕೂಲವಾಗುವದು ಅಪರೂಪ. ನಮ್ಮ ಮನೆಯಲ್ಲಿ ಹಾಲು ಕಾಯಿಸುವ ಕೆಲಸವು ಈಗಲೂ ಹಿರಿಯರ ಕೈಯಲ್ಲಿಯೇ ಇದೆ; ಎಡಗಣ್ಣಿನ ಶಸ್ತ್ರಕ್ರಿಯೆಗೆ ದಿನವೂ ಗೊತ್ತಾಗಿದೆ.